ಜವರಾಯನಿಗೆ ಕೃತಜ್ಞತೆ

ಬೆಳಗ್ಗೆ ಎಂಟಕ್ಕೆ ಬೀಗ ತೆಗೆದು ಒಲೆ ಹಚ್ಚುತ್ತೇನೆ.
ರವೆ, ಬೆಲ್ಲ, ಅಗರ್ ಪುಡಿ, ಕಡೆಗೆ ಬೂಷ್ಟು ಬಾರದಂತೆ
ಮೂಗಿಗೆ ಹೊಡೆಯುವ ಆ ಆಸಿಡ್ಡು ಏಳು ಮಿಲಿ.
ಇಪ್ಪತ್ತಾರು ವರ್ಷದಿಂದ ಗಂಗೋತ್ರಿಯ ಈ ಹಿಂಬದಿ ಕೋಣೆಯಲ್ಲಿ
ಹಣ್ಣುನೊಣಗಳಿಗೆ ಸಜ್ಜಿಗೆ ಮಾಡುತ್ತಿದ್ದೇನೆ.
ಮನೆಯಲ್ಲಿ ಸಜ್ಜಿಗೆ ಮಾಡಿದರೆ ನಾನು ಮುಟ್ಟುವುದಿಲ್ಲ.

ಹೋದ ತಿಂಗಳು ಸಮಿತಿಯವರು ಬಂದಿದ್ದರು.
ಕಾಫಿ ಕೊಡಲು ಹೋದಾಗ ಗೋಡೆಯ ಮೇಲೆ
ನಮ್ಮ ಪಂಕಜಾಕ್ಷಿ ಮೇಡಂ ಜೀವಮಾನ ಕಂಬ ಕಂಬವಾಗಿ ನಿಂತಿತ್ತು:
ಪ್ರಬಂಧ ಎಪ್ಪತ್ತಮೂರು,
ಉಲ್ಲೇಖ ಎರಡು ಸಾವಿರದ ಚಿಲ್ಲರೆ,
ಸೂಚ್ಯಂಕ ಹತ್ತೊಂಬತ್ತು.
‘ಇಪ್ಪತ್ತಾಗಿದ್ದರೆ ಚೆನ್ನಾಗಿತ್ತು’ ಅಂದರು ಒಬ್ಬರು,
ಹುಡುಗಿ ಇನ್ನೊಂದಿಂಚು ಉದ್ದ ಇದ್ದಿದ್ದರೆ ಅನ್ನುವ ಹಾಗೆ.

ಎಲ್ಲಕ್ಕಿಂತ ಎತ್ತರದ ಕಂಬ ಯಾವುದು ಗೊತ್ತಾ?
ಬಣ್ಣ ಹಾಕುವ ವಿಧಾನ. ಎರಡೇ ಪುಟ.
ಮರಿಹುಳದ ಜೊಲ್ಲುಗ್ರಂಥಿ ಕಿತ್ತು, ಗಾಜಿನ ಮೇಲಿಟ್ಟು, ಹೆಬ್ಬೆರಳಲ್ಲಿ ಒತ್ತಿದರೆ
ವರ್ಣತಂತು ಪಟ್ಟಾಪಟ್ಟಿ ಬಟ್ಟೆಯ ಹಾಗೆ ಕಾಣಿಸಬೇಕಲ್ಲ,
ಅದಕ್ಕೆ ಎಷ್ಟು ನಿಮಿಷ ನೆನೆಸಬೇಕು, ಅಷ್ಟೇ.
ಪೋಲೆಂಡಿನವರು, ಬ್ರೆಜಿಲ್ಲಿನವರು, ಎಲ್ಲರೂ ಹೆಸರಿಸುವುದು ಅದನ್ನೇ.
‘ಊಟ ಹೇಗಿತ್ತು ಅಂದರೆ ಉಪ್ಪಿನಕಾಯಿ ಚೆನ್ನಾಗಿತ್ತು ಅಂತಾರೆ ಕಣಯ್ಯ’
ಅಂತ ಮೇಡಂ ನಗುತ್ತಾರೆ.

ಆ ಸಾಲಿನಲ್ಲಿ ಕಂಬವೇ ಏಳದ ಒಂದು ಜಾಗವಿತ್ತು.
ತೊಂಬತ್ತೊಂಬತ್ತನೇ ಇಸವಿ. ನಾವಿಬ್ಬರೂ ಬಸ್ಸಿನಲ್ಲಿ ಓಡಾಡಿ ಮಾಡಿದ್ದು.
ಮಂಡ್ಯ ದಾಟಿ ಕೆರಗೋಡು ಕಡೆ, ಹದಿನಾಲ್ಕು ಆಲೆಮನೆ.
ಬಾಳೆಹಣ್ಣು ಕಿವುಚಿದ ಹಾಲಿನ ಬಾಟಲಿಗಳನ್ನು
ಕಬ್ಬಿನ ಸಿಪ್ಪೆಯ ರಾಶಿಯಲ್ಲಿ ಹುದುಗಿಸಿಟ್ಟು
ಕೊಪ್ಪರಿಗೆಯ ಹೊಗೆಯಲ್ಲಿ ಕಣ್ಣುಜ್ಜುತ್ತಾ ಕೂರುವುದು.
ಚನ್ನೀರೇಗೌಡ ಕೇಳಿದ್ದ:
‘ನೊಣ ಹಿಡ್ಯಕ್ಕೂ ಸರ್ಕಾರ ಸಂಬ್ಳ ಕೊಟ್ಟದಾ?
ಹಂಗಾರೆ ಒಂದೂ ಬುಡ್ದಂಗೆ ತಕ್ಕೊಂಡೋಗಿ.’
ಆ ಬಿಸಿಗೆ ಒಗ್ಗಿದ ನೊಣದ ಮೂರನೇ ವರ್ಣತಂತುವಿನಲ್ಲಿ
ಒಂದು ತುಂಡು ಹಿಂದುಮುಂದಾಗಿ ಕೂತಿದೆ,
ಅವಸರದಲ್ಲಿ ತಿರುವುಮುರುವಾದ ಅಂಗಿತೋಳಿನಂತೆ.
ಅದು ಮೇಡಂ ಕಂಡದ್ದು. ಹನ್ನೊಂದು ಪುಟ. ಉಲ್ಲೇಖ ಸೊನ್ನೆ.

ಅದರ ತುದಿಯಲ್ಲಿ, ಇರುವೆಸಾಲಿನಂಥ ಅಕ್ಷರದಲ್ಲಿ
ನನಗೊಂದು ಕೃತಜ್ಞತೆ ಇದೆ.
ಚಿಕ್ಕಜವರಯ್ಯ ಅಂತ ಬರೆದು ಕಳಿಸಿದ್ದು
ಅಚ್ಚಿನಲ್ಲಿ ಜವರಾಯ ಆಗಿ ಬಂತು.
ಮೇಡಂ ನೊಂದುಕೊಂಡರು. ಇರಲಿ ಬಿಡಿ ಅಂದೆ.
ಈಥರ್ ಹತ್ತಿ ಹಿಡಿದು ದಿನಾ ಸಾವಿರವನ್ನು ಮಲಗಿಸುವವನು ನಾನು,
ಎಣಿಸಿ ಮುಗಿದವನ್ನು ಸ್ಪಿರಿಟ್ ಬಾಟಲಿಗೆ ಸುರಿಯುವವನೂ ನಾನೇ.
ಕರಡು ತಿದ್ದಿದ್ದು ನೊಣಗಳಿರಬೇಕು.

ಮೊನ್ನೆ ಸೋಮವಾರ ಆ ಸೊನ್ನೆ ಒಂದಾಯಿತು.
ಥಾಯ್ಲೆಂಡಿನ ಯಾರೋ ಹುಡುಗಿ,
ಸಕ್ಕರೆ ಕಾರ್ಖಾನೆಯ ಹಿತ್ತಲಲ್ಲಿ ನೊಣ ಹಿಡಿದವಳು.
‘ಇವರು ಹೇಳಿದ್ದಕ್ಕೆ ವಿರುದ್ಧವಾಗಿ’ ಅಂತಲೇ ಶುರು ಮಾಡಿದ್ದಾಳೆ.
ನಾಲ್ಕನೇ ಕೋಷ್ಟಕದ ಒಂದು ಸಾಲು ಕೂಡುವುದಿಲ್ಲವಂತೆ,
ತುಂಡು ತಿರುಗಿದ್ದು ಬಿಸಿಗೇ ಅನ್ನಲಾಗದಂತೆ.

ಮೇಡಂ ಮೂರು ಸಲ ಓದಿದರು. ಕನ್ನಡಕ ತೆಗೆದರು.
‘ಕೋಷ್ಟಕದ ತನಕ ಓದಿದ್ದಾಳಲ್ಲಯ್ಯ’ ಅಂದರು,
ತವರಿನಿಂದ ಯಾರೋ ಬಂದ ಮುಖ ಮಾಡಿಕೊಂಡು.

ಕಪಾಟಿನ ಕೆಳಗಿಂದ ಹಳೇ ನೋಟುಪುಸ್ತಕ ತೆಗೆದೆ.
ಎಣಿಕೆ ಬರೆದವನು ನಾನು, ಕನ್ನಡದ ಅಂಕಿಯಲ್ಲಿ.
ನನ್ನ ೬ ಅವರಿಗೆ ೯ ಆಗಿ ಕಂಡಿರಬೇಕು,
ಇಲ್ಲಾ ಹೊಗೆಯಲ್ಲಿ ನಾನೇ ೯ ಬರೆದಿರಬೇಕು.
ಬೆರಳಿಟ್ಟು ತೋರಿಸಿದೆ. ಮೇಡಂ ಪುಸ್ತಕವನ್ನು ಬೆಳಕಿಗೆ ಹಿಡಿದರು,
ಓರೆ ಮಾಡಿದರು,
‘ಆಲೆಮನೆಗಳು ಇದಾವಾ ಇನ್ನೂ?’ ಅಂದರು.

ಹದಿನಾಲ್ಕರಲ್ಲಿ ಐದು.
ಬಾಟಲಿ ತೊಳೆದು ಬೋರಲು ಹಾಕಿದ್ದೇನೆ.
ನೊಣಕ್ಕೆ ನಂಜನಗೂಡಿನ ರಸಬಾಳೆ ಯಾಕೆ,
ಪಚ್ಚಬಾಳೆ ಸಾಕು, ಚೆನ್ನಾಗಿ ಕಳಿತದ್ದು.